ನೂರಾ ಹದಿನೆಂಟನೆಯ ಪುಟ

ಇಪ್ಪತ್ತೆರಡು ವರ್ಷ ಸುಪ್ರೀಂ ಕೋರ್ಟಿನ ಕಾಗದಗಳನ್ನೇ ಓದಿ ಬದುಕಿದ್ದರೂ ವೈಜಯಂತಿಯವರು ಆ ಕೋರ್ಟಿನ ಒಳಗೆ ಒಮ್ಮೆಯೂ ಕಾಲಿಟ್ಟವರಲ್ಲ. ಅವರ ಕೆಲಸವೆಲ್ಲ ದೆಹಲಿಯ ಮುನಿರ್ಕಾ ಬಡಾವಣೆಯ ಫ್ಲ್ಯಾಟೊಂದರ ಎರಡನೆಯ ಮಹಡಿಯಲ್ಲಿ, ಊಟದ ಮೇಜಿನ ಒಂದು ತುದಿಯಲ್ಲಿ ನಡೆಯುತ್ತಿತ್ತು. ಕರ್ನಾಟಕದಿಂದ ಬರುವ ಕೇಸುಗಳ ಕನ್ನಡ ಕಾಗದಗಳನ್ನು, ಅಂದರೆ ದೂರು, ಪಂಚನಾಮೆ, ಸಾಕ್ಷಿಗಳ ಹೇಳಿಕೆ, ತಹಸೀಲ್ದಾರರ ಷರಾ, ಇವನ್ನೆಲ್ಲ ಇಂಗ್ಲಿಷಿಗೆ ತಿರುಗಿಸಿ, 'ಇದು ನಿಜವಾದ ಅನುವಾದ' ಎಂದು ಪ್ರಮಾಣ ಮಾಡಿ ಸಹಿ ಹಾಕುವುದು ಅವರ ಕಸುಬು.

ಗಂಡ ದಕ್ಷಿಣಾಮೂರ್ತಿ ಕೇಂದ್ರ ಸರ್ಕಾರದ ನೌಕರಿಯಲ್ಲಿದ್ದವರು. ಚಿತ್ರದುರ್ಗದಿಂದ ಮದುವೆಯಾಗಿ ಬಂದ ವೈಜಯಂತಿಯವರು ಅವರ ಜೊತೆ ಮೂರು ಸರ್ಕಾರಿ ಮನೆಗಳನ್ನು ಬದಲಾಯಿಸಿ, ಕೊನೆಗೆ ಈ ಸ್ವಂತ ಫ್ಲ್ಯಾಟಿಗೆ ಬಂದಿದ್ದರು. ಗಂಡ ತೀರಿಕೊಂಡು ಆರು ವರ್ಷ. ಮಗಳು ಧಾರಿಣಿ ಗುರುಗ್ರಾಮದಲ್ಲಿ ಹತ್ತೊಂಬತ್ತನೆಯ ಮಹಡಿಯಲ್ಲಿದ್ದಾಳೆ. ಅಳಿಯ, ಮೊಮ್ಮಗಳು ಎಲ್ಲರೂ ಒಳ್ಳೆಯವರೇ. ಮಗಳ ಒತ್ತಾಯಕ್ಕೆ ನಾಲ್ಕು ತಿಂಗಳು ಅಲ್ಲಿಗೆ ಹೋಗಿ ಇದ್ದದ್ದೂ ಆಯಿತು. ಬೆಳಿಗ್ಗೆ ಎಂಟಕ್ಕೆ ಎಲ್ಲರೂ ಹೊರಟುಹೋದರೆ ಸಂಜೆ ಏಳರವರೆಗೆ ಆ ಮನೆಯಲ್ಲಿ ಲಿಫ್ಟಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಒಂಟಿಯಾಗಿಯೇ ಇರಬೇಕಾದರೆ ನನ್ನ ಮನೆಯಲ್ಲೇ ಇರುತ್ತೇನೆ ಎಂದು ವಾಪಸು ಬಂದುಬಿಟ್ಟರು.

ಮುನಿರ್ಕಾದಲ್ಲಿ ಒಂದು ಕಾಲಕ್ಕೆ ಏಳೆಂಟು ಕನ್ನಡದ ಮನೆಗಳಿದ್ದವು. ಕೆಲವರು ನಿವೃತ್ತರಾಗಿ ಊರಿಗೆ ಹೋದರು, ಕೆಲವರು ಹೋಗಿಯೇಬಿಟ್ಟರು. ಈಗ ಬಾಗಿಲಿಗೆ ಬರುವವರು ತರಕಾರಿಯ ಭಯ್ಯಾ, ಗ್ಯಾಸಿನ ಭಯ್ಯಾ, ಕೆಲಸದ ಕಮಲೇಶ್. ಎಲ್ಲರ ಜೊತೆಗೂ ಹಿಂದಿ. ದಿನಕ್ಕೆ ಮೂವತ್ತು ಪುಟ ಕನ್ನಡ ಓದುವ ವೈಜಯಂತಿಯವರಿಗೆ ಬಾಯಿ ಬಿಟ್ಟು ಒಂದು ಮಾತು ಕನ್ನಡ ಆಡಲು ವಾರಗಟ್ಟಲೆ ಜನ ಸಿಗುತ್ತಿರಲಿಲ್ಲ. ಹೀಗಾಗಿ ಅವರಿಗೆ ಒಂದು ಅಭ್ಯಾಸವಾಗಿತ್ತು. ಕಾಗದಗಳನ್ನು ಗಟ್ಟಿಯಾಗಿ ಓದುತ್ತಿದ್ದರು. ಕೊಲೆ ಕೇಸಿನ ಮಹಜರನ್ನು ಅವರು ಓದುವುದನ್ನು ಬಾಗಿಲ ಹೊರಗಿನಿಂದ ಕೇಳಿದವರಿಗೆ ಒಳಗೆ ಯಾರೋ ನೆಂಟರು ಬಂದಿದ್ದಾರೆ ಅನ್ನಿಸಬೇಕು.

ಆ ನವೆಂಬರ್ ಕೊನೆಯ ಶನಿವಾರ ವಕೀಲೆ ತನುಶ್ರೀ ಫೋನ್ ಮಾಡಿದಳು. ಧಾರವಾಡದ ಕಡೆಯವರ ಮಗಳು, ಹುಟ್ಟಿ ಬೆಳೆದದ್ದೆಲ್ಲ ದೆಹಲಿ. ಕನ್ನಡ ಅರ್ಥವಾಗುತ್ತದೆ, ಓದಲು ಬರುವುದಿಲ್ಲ.

"ಆಂಟಿ, ಬಹುತ್ ಅರ್ಜೆಂಟ್ ಇದೆ. ಹೇಬಿಯಸ್ ಕಾರ್ಪಸ್ ಮ್ಯಾಟರ್. ಇನ್ನೂರ ಆರು ಪುಟ. ಶುಕ್ರವಾರ ಸಂಜೆ ಐದರೊಳಗೆ ಫೈಲ್ ಆಗಬೇಕು."

"ಇನ್ನೂರ ಆರಾ? ಆರು ದಿನಕ್ಕಾ?"

"ಕೋರ್ಟ್ ಲಾಸ್ಟ್ ಚಾನ್ಸ್ ಕೊಟ್ಟಿದೆ ಆಂಟಿ. ಮಿಸ್ ಆದರೆ ಚಳಿಗಾಲದ ರಜೆ ಆದ ಮೇಲೇ ಬರೋದು. ಜನವರಿ ಹೋಗಿಬಿಡುತ್ತೆ. ಫೆಬ್ರವರಿ ಹತ್ತೊಂಬತ್ತಕ್ಕೆ ಅವನ ಬಂಧನದ ಒಂದು ವರ್ಷ ಮುಗಿಯುತ್ತೆ. ಪೂರಾ ಶಿಕ್ಷೆ ಅನುಭವಿಸಿ ಮನೆಗೆ ಹೋದವನಿಗೆ ನಮ್ಮ ಅರ್ಜಿ ಏನಕ್ಕೆ?"

ಹೇಬಿಯಸ್ ಕಾರ್ಪಸ್ ಎಂದರೆ, ಈ ಮನುಷ್ಯನನ್ನು ಯಾವ ಕಾನೂನಿನ ಬಲದ ಮೇಲೆ ಕೂಡಿಹಾಕಿದ್ದೀರಿ ಎಂದು ಸರ್ಕಾರವನ್ನು ಕೇಳುವ ಅರ್ಜಿ. ಕೂಡಿಹಾಕಿದ್ದು ದೇವೇಂದ್ರಪ್ಪ ಎಂಬವನನ್ನು. ಉತ್ತರ ಕರ್ನಾಟಕದ ಒಂದು ಸಣ್ಣ ಊರಿನಲ್ಲಿ ಕಿಟಕಿ, ಗೇಟುಗಳಿಗೆ ಗ್ರಿಲ್ ಮಾಡುವ ವೆಲ್ಡಿಂಗ್ ಅಂಗಡಿ ಅವನದು. ಊರ ಪಕ್ಕದ ಗುಡ್ಡದಲ್ಲಿ ಕಲ್ಲಿನ ಕ್ರಷರ್ ಶುರುವಾಗಿ, ಸಿಡಿಮದ್ದಿನ ಅದುರಾಟಕ್ಕೆ ಮನೆಗಳ ಗೋಡೆ ಬಿರುಕು ಬಿಟ್ಟಾಗ ಇವನು ಜನರನ್ನು ಸೇರಿಸಿಕೊಂಡು ಲಾರಿಗಳ ಮುಂದೆ ಕೂತ. ಒಂದರ ಹಿಂದೆ ಒಂದು ಐದು ಕೇಸು ಬಿದ್ದವು. ಐದಾದ ಮೇಲೆ ಗೂಂಡಾ ಕಾಯ್ದೆಯಡಿ ವಿಚಾರಣೆಯಿಲ್ಲದೆ ಒಂದು ವರ್ಷ ಬಂಧನದ ಆದೇಶವಾಯಿತು. ಅರ್ಜಿ ಹಾಕಿದವಳು ಅವನ ಹೆಂಡತಿ ಸೀತಮ್ಮ. ಹೈಕೋರ್ಟಿನಲ್ಲಿ ಸೋತು ದೆಹಲಿಯವರೆಗೆ ಬಂದಿದ್ದಳು.

ಕಾಗದದ ಕಟ್ಟು ಅದೇ ಮಧ್ಯಾಹ್ನ ಬಂತು. ವೈಜಯಂತಿಯವರು ಕಿಟಕಿಗಳನ್ನೆಲ್ಲ ಮುಚ್ಚಿ ಮೇಜಿಗೆ ಕೂತರು. ಹೊರಗೆ ಹೊಗೆ ಬೂದಿ ಬಣ್ಣಕ್ಕೆ ಇಳಿದು ಎದುರು ಬ್ಲಾಕಿನ ಟೆರೇಸು ಕಾಣುತ್ತಿರಲಿಲ್ಲ. ಕಾಗದಗಳ ನಡುವೆ ಮೂರು ಪುಟ ಕೈಬರಹವಿತ್ತು. ಜೈಲಿನಿಂದ ದೇವೇಂದ್ರಪ್ಪ ತಾನೇ ಸರ್ಕಾರಕ್ಕೆ ಬರೆದ ಮನವಿ. ಅದನ್ನು ಮೊದಲು ಕೈಗೆತ್ತಿಕೊಂಡು, ಅಭ್ಯಾಸದಂತೆ ಗಟ್ಟಿಯಾಗಿ ಓದಿದರು.

'ನನ್ನ ಮೇಲೆ ಐದು ಕೇಸು ಇವೆ ಎನ್ನುತ್ತೀರಿ. ನಾಲ್ಕರಲ್ಲಿ ನಾನು ಲಾರಿ ಮುಂದೆ ಕೂತದ್ದು ನಿಜ. ಸುಳ್ಳು ಹೇಳುವುದಿಲ್ಲ. ಐದನೆಯದು ನಡೆದ ದಿವಸ ನಾನು ಹುಬ್ಬಳ್ಳಿಯಲ್ಲಿ ಕಣ್ಣಿನ ಆಸ್ಪತ್ರೆಯಲ್ಲಿದ್ದೆ. ವೆಲ್ಡಿಂಗಿನ ಕಿಡಿ ಬಿದ್ದಿತ್ತು. ಚೀಟಿ ಇದೆ. ನನ್ನಿಂದ ಊರಿಗೆ ಭಯ ಎಂದು ಬರೆದಿದ್ದೀರಿ. ಊರಿನವರನ್ನು ಒಂದು ಸಲ ಕೇಳಿ ನೋಡಬೇಕು ಎಂದು ಕೈಮುಗಿದು ಕೇಳುತ್ತೇನೆ.'

ಓದುತ್ತ ಓದುತ್ತ ವೈಜಯಂತಿಯವರ ದನಿ ಸಣ್ಣದಾಯಿತು. ಬರೆದವನ ಅಕ್ಷರ ದುಂಡಗಿತ್ತು. ಎಲ್ಲ ಬರೆದು, ದಿನಾಂಕ ಹಾಕುವ ಜಾಗವನ್ನು ಮಾತ್ರ ಖಾಲಿ ಬಿಟ್ಟಿದ್ದ.

ಆ ಖಾಲಿ ಜಾಗದಲ್ಲೇ ಕೇಸು ಸೋತಿತ್ತು. ಬಂಧನದಲ್ಲಿರುವವನು ಮನವಿ ಕೊಟ್ಟರೆ ಸರ್ಕಾರ ಅದನ್ನು ತಡಮಾಡದೆ ನೋಡಬೇಕು. ಕಾರಣವಿಲ್ಲದೆ ತಡವಾದರೆ ಬಂಧನವೇ ಬಿದ್ದುಹೋಗುತ್ತದೆ. ನನ್ನ ಗಂಡ ಮಾರ್ಚಿನಲ್ಲೇ ಮನವಿ ಕೊಟ್ಟಿದ್ದಾನೆ ಎಂದು ಸೀತಮ್ಮ ಹೇಳಿದ್ದಳು. ಜೂನ್ ಹನ್ನೊಂದಕ್ಕೆ ಬಂತು, ಹದಿನೆಂಟಕ್ಕೆ ತಿರಸ್ಕರಿಸಿದ್ದೇವೆ, ತಡವೆಲ್ಲಿ ಬಂತು ಎಂದು ಸರ್ಕಾರದವರು ಹೇಳಿದ್ದರು. ಸಾಕ್ಷಿಗೆ ತಮ್ಮ ಕಚೇರಿಯ ಆವಕ ವಹಿಯ, ಅಂದರೆ ಬಂದ ಟಪಾಲನ್ನೆಲ್ಲ ಬರೆದಿಡುವ ಪುಸ್ತಕದ, ಒಂದು ಪುಟದ ಜೆರಾಕ್ಸ್ ಕೊಟ್ಟಿದ್ದರು. ಹೈಕೋರ್ಟು ಅದನ್ನು ಒಪ್ಪಿತ್ತು. ಅದು ಕಟ್ಟಿನ ನೂರಾ ಹದಿನೆಂಟನೆಯ ಪುಟ.

ಭಾನುವಾರ ಸಂಜೆ ಏಳಕ್ಕೆ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು.

"ಅಕ್ಕಾರ, ನಾನ್ರಿ ಸೀತಮ್ಮ. ವಕೀಲ ಬಾಯಾರು ನಂಬರ್ ಕೊಟ್ರು. ತಪ್ಪ ತಿಳೀಬ್ಯಾಡ್ರಿ. ಎಷ್ಟ ಹಾಳಿ ಆದ್ವರಿ?"

ಅನುವಾದಕರಿಗೆ ಕಕ್ಷಿದಾರರು ಫೋನ್ ಮಾಡುವ ಪದ್ಧತಿಯಿಲ್ಲ. ಹಾಗೆಂದು ಹೇಳಬೇಕು ಅಂದುಕೊಂಡ ವೈಜಯಂತಿಯವರ ಬಾಯಿಂದ ಬಂದ ಮಾತೇ ಬೇರೆ. "ಮೂವತ್ತೊಂದಾಯ್ತು ಕಣಮ್ಮ. ಊಟ ಆಯ್ತಾ ನಿಮ್ಮದು?"

"ಇನ್ನ ಇಲ್ರಿ. ರೊಟ್ಟಿ ಬಡಿಯಾಕ ಹತ್ತೀನಿ. ನಿಮ್ಮದಾತ್ರಿ?"

ಊಟ ಆಯಿತಾ ಎಂದು ಕನ್ನಡದಲ್ಲಿ ತಮ್ಮನ್ನು ಯಾರಾದರೂ ಕೇಳಿ ಎಷ್ಟು ದಿನವಾಗಿತ್ತೋ ಅವರಿಗೆ ನೆನಪಿರಲಿಲ್ಲ. ಆಗಿರಲಿಲ್ಲವಾದರೂ ಆಯಿತು ಅಂದರು. ಅಂದಿನಿಂದ ದಿನಾ ಏಳಕ್ಕೆ ಫೋನ್ ಬರತೊಡಗಿತು. ಮೊದಲು ಹಾಳಿಯ ಲೆಕ್ಕ, ಆಮೇಲೆ ಒಂದೆರಡು ಮಾತು. ಅಂಗಡಿಯ ಶಟರ್ ಎತ್ತುವುದಕ್ಕೆ ತನಗೆ ಆಗುವುದಿಲ್ಲ, ಎತ್ತಿಯಾದರೂ ಏನು ಮಾಡುವುದು, ವೆಲ್ಡಿಂಗ್ ತನಗೆ ಬರುವುದಿಲ್ಲವಲ್ಲ ಎಂದು ಸೀತಮ್ಮ ಒಂದು ದಿನ ಹೇಳಿದಳು. ಇನ್ನೊಂದು ದಿನ, "ದಿಲ್ಲ್ಯಾಗ ಭಾಳ ಥಂಡಿ ಅಂತಲ್ರಿ ಅಕ್ಕಾರ, ಮನ್ಯಾಗ ಯಾರ್ ಅದಾರ್ರಿ ಜೋಡಿಗೆ?" ಅಂದಳು. "ಇದ್ದಾರಮ್ಮ, ಮಗಳು ಇದ್ದಾಳೆ," ಅಂದರು ವೈಜಯಂತಿ. ಸುಳ್ಳೇನೂ ಅಲ್ಲ.

ಮಗಳು ಮಂಗಳವಾರ ಫೋನ್ ಮಾಡಿದ್ದಳು. "ಅಮ್ಮಾ, ಇತನಾ ಪೊಲ್ಯೂಷನ್ ಇದೆ, ನೀನು ಹೊರಗೆ ಹೋಗಬೇಡ. ಈ ವೀಕೆಂಡ್ ಇಲ್ಲಿಗೆ ಬಾ ನಾ. ಪ್ಯೂರಿಫೈಯರ್ ಇದೆ."

"ಶುಕ್ರವಾರ ಗಡುವು ಇದೆ ಕಣೆ. ಜೈಲಿನ ಕೇಸು."

"ಹರ್ ಬಾರ್ ಡೆಡ್‌ಲೈನ್. ಅಚ್ಛಾ, ಟೇಕ್ ಕೇರ್, ಮೀಟಿಂಗ್ ಇದೆ."

ಬುಧವಾರ ಮಧ್ಯಾಹ್ನ ನೂರಾ ಹದಿನೆಂಟನೆಯ ಪುಟ ಬಂತು. ಜೆರಾಕ್ಸಿನ ಜೆರಾಕ್ಸು. ಮಸಿ ಬಳಿದ ಹಾಗೆ ಕಪ್ಪಾಗಿತ್ತು. ತನುಶ್ರೀಯ ಆಫೀಸಿನವರು ನಡುವಿನ ಒಂದು ಸಾಲಿಗೆ ಹಳದಿ ಬಣ್ಣ ಹಚ್ಚಿ ಕಳಿಸಿದ್ದರು, ಇದೊಂದು ಸಾಲು ಸಾಕು ಎಂದು. ವೈಜಯಂತಿಯವರು ಭೂತಗನ್ನಡಿ ಹಿಡಿದರು. '೧೧', ಒಂದು ಅಡ್ಡಗೆರೆ, ಆಮೇಲೆ ಒಂದು ಅಂಕಿ. ಕನ್ನಡದ ಮೂರಕ್ಕೂ ಆರಕ್ಕೂ ಕೈಬರಹದಲ್ಲಿ ಇರುವ ಅಂತರ ಒಂದು ಸಣ್ಣ ಬಾಲದ್ದು. ಬಾಲ ಇರಬೇಕಾದ ಜಾಗದಲ್ಲಿ ಮಸಿಯ ಕಲೆ ಇತ್ತು. ಅದು ಬರೆದವನ ಪೆನ್ನಿನದೋ, ಜೆರಾಕ್ಸ್ ಯಂತ್ರದ್ದೋ ದೇವರೇ ಬಲ್ಲ.

ತನುಶ್ರೀಗೆ ಫೋನ್ ಮಾಡಿದರು. "ಅಂಕಿ ಸರಿಯಾಗಿ ಕಾಣ್ತಾ ಇಲ್ಲಮ್ಮ. ಆರು ಅಂತ ನಾನು ಬರೆಯೋಕಾಗಲ್ಲ. ಮೂರು ಅಂತಲೂ ಬರೆಯೋಕಾಗಲ್ಲ."

"ಆಂಟಿ, 'ಅಸ್ಪಷ್ಟ' ಅಂತ ಹಾಕಿಬಿಡಿ, ಬಸ್. ಇನ್ನೂ ಎಂಬತ್ತೆಂಟು ಪುಟ ಇದೆ. ಒಂದೇ ಪುಟದ ಮೇಲೆ ಕೂತರೆ ಶುಕ್ರವಾರ ತಪ್ಪಿಹೋಗುತ್ತೆ."

ಅವಳು ಹೇಳಿದ್ದು ತಪ್ಪಲ್ಲ. ಅಸ್ಪಷ್ಟ ಎಂದು ಬರೆದು ಮುಂದೆ ಹೋಗುವುದು ಅನುವಾದಕರ ಹಕ್ಕು. ವೈಜಯಂತಿಯವರೂ ಎಷ್ಟೋ ಸಲ ಹಾಗೆ ಬರೆದವರೇ. ಆದರೆ ಆ ದುಂಡಗಿನ ಅಕ್ಷರವನ್ನು ಗಟ್ಟಿಯಾಗಿ ಓದಿಬಿಟ್ಟಿದ್ದರು. ಆ ಮನುಷ್ಯನ ಮಾತು ನಾಲ್ಕು ದಿನದಿಂದ ಅವರ ಮನೆಯಲ್ಲೇ ಇತ್ತು. ಸಂಜೆ ಏಳಕ್ಕೆ ಫೋನ್ ಬಂದಾಗ ಕೇಳಿದರು.

"ಸೀತಮ್ಮ, ಹೈಕೋರ್ಟಿನಲ್ಲಿ ಸರ್ಕಾರದವರು ನಿಮಗೊಂದು ಪ್ರತಿ ಕೊಟ್ಟಿದ್ದರಲ್ಲ, ಅದು ಇದೆಯಾ?"

"ಐತ್ರಿ. ಟ್ರಂಕಿನ್ಯಾಗ ಇಟ್ಟೀನಿ."

"ಅದರಲ್ಲಿ ಆವಕ ವಹಿ ಅಂತ ಒಂದು ಪುಟ ಇದೆ. ಗೆರೆ ಹೊಡೆದ ಪುಟ. ಅದು ಇಲ್ಲಿರೋದಕ್ಕಿಂತ ಚೆನ್ನಾಗಿರಬಹುದು. ಒಳ್ಳೇ ಫೋಟೋ ತೆಗೆಸಿ ಕಳಿಸ್ತೀರಾ?"

ಸೀತಮ್ಮನ ಫೋನಿನ ಕ್ಯಾಮೆರಾ ಒಡೆದಿತ್ತು. ಗುರುವಾರ ಬೆಳಿಗ್ಗೆ ಮೊದಲ ಬಸ್ಸಿಗೆ ತಾಲೂಕು ಊರಿಗೆ ಹೋಗಿ, ಫೋಟೋ ಸ್ಟುಡಿಯೋದ ಬಾಗಿಲು ತೆಗೆಯುವವರೆಗೆ ಕಾದು, ಪುಟವನ್ನು ಬೆಳಕಿಗೆ ಹಿಡಿಸಿ ಆರು ಫೋಟೋ ತೆಗೆಸಿ ಕಳಿಸಿದಳು. ಹನ್ನೊಂದೂವರೆಗೆ ವೈಜಯಂತಿಯವರ ಫೋನು ಆರು ಸಲ ಕಂಪಿಸಿತು.

ಅಂಕಿ ಅಲ್ಲೂ ತಿಳಿಯಾಗಿರಲಿಲ್ಲ. ಬಾಲವೋ ಕಲೆಯೋ ಹೇಳುವಂತಿರಲಿಲ್ಲ. ವೈಜಯಂತಿಯವರಿಗೆ ಅಳುವೇ ಬಂತು. ಆದರೆ ಒಂದು ವಿಷಯವಿತ್ತು. ಈ ಪ್ರತಿಯಲ್ಲಿ ಸುತ್ತಲಿನ ಸಾಲುಗಳು ಓದುವಂತಿದ್ದವು. ಯಾರೂ ಹಳದಿ ಹಚ್ಚದ, ಯಾರಿಗೂ ಬೇಡವಾದ ಸಾಲುಗಳು. ಕಾಫಿ ಮಾಡಿಕೊಂಡು ಬಂದು ಒಂದೊಂದನ್ನೇ ಗಟ್ಟಿಯಾಗಿ ಓದತೊಡಗಿದರು. ಮೇಲಿನ ಸಾಲುಗಳ ತಾರೀಖು ಮಸಿಯಲ್ಲಿ ಮುಳುಗಿತ್ತು, ವಿಷಯ ಮಾತ್ರ ಓದುವಂತಿತ್ತು: ಯಾವುದೋ ಜೀಪಿನ ದುರಸ್ತಿ ಕೋರಿ ಪತ್ರ. ನಡುವಿನದು, ಬಂದಿ ದೇವೇಂದ್ರಪ್ಪನ ಮನವಿ. ಅದರ ಕೆಳಗಿನ ಸಾಲಿನಲ್ಲಿ, ಮುಂದಿನ ಎಲ್ಲ ಸಾಲುಗಳಲ್ಲಿದ್ದ ಹಾಗೆಯೇ, ದಿನಾಂಕದ ಜಾಗಕ್ಕೆ ಗುಮಾಸ್ತ ಎರಡು ಚುಕ್ಕೆ ಇಟ್ಟಿದ್ದ. ಮೇಲಿನ ತಾರೀಖೇ ಇದಕ್ಕೂ ಎಂದು ಅರ್ಥ. ವಿಷಯದ ಜಾಗದಲ್ಲಿ ಹೀಗಿತ್ತು: 'ಯುಗಾದಿ ಹಬ್ಬದ ಮುಂಗಡ ಮಂಜೂರು ಕೋರಿ ದ್ವಿತೀಯ ದರ್ಜೆ ಸಹಾಯಕರ ಅರ್ಜಿ.'

ಅವರು ಓದುವುದನ್ನು ನಿಲ್ಲಿಸಿದರು. ಇನ್ನೊಮ್ಮೆ ಓದಿದರು. ಆ ವರ್ಷ ಯುಗಾದಿ ಬಂದದ್ದು ಏಪ್ರಿಲಿನಲ್ಲಿ. ಹಬ್ಬದ ಮುಂಗಡವನ್ನು ಹಬ್ಬಕ್ಕೆ ಮುಂಚೆ ಕೇಳುತ್ತಾರೆ. ಯಾವ ಗುಮಾಸ್ತನೂ ಜೂನ್ ಹನ್ನೊಂದನೇ ತಾರೀಖು, ಮಕ್ಕಳನ್ನು ಶಾಲೆಗೆ ಹಾಕಿಯಾದ ಮೇಲೆ, ಕಳೆದುಹೋದ ಯುಗಾದಿಗೆ ಮುಂಗಡ ಕೇಳುವುದಿಲ್ಲ.

"ಮೂರು," ಅಂದರು ಗಟ್ಟಿಯಾಗಿ, ಖಾಲಿ ಮನೆಗೆ.

ಅನುವಾದಕರು ವಾದ ಮಾಡುವಂತಿಲ್ಲ. ಹೀಗಾಗಿ ಅಂಕಿಯನ್ನು 'ಮೂರು ಅಥವಾ ಆರು, ಸ್ಪಷ್ಟವಿಲ್ಲ' ಎಂದೇ ಬರೆದರು. ಆದರೆ ಪುಟದ ಹದಿನಾಲ್ಕು ಸಾಲುಗಳನ್ನೂ ಬಿಡದೆ ಅನುವಾದ ಮಾಡಿದರು. ಯುಗಾದಿ ಎಂಬಲ್ಲಿ ಕೆಳಗೊಂದು ಟಿಪ್ಪಣಿ ಹಾಕಿದರು: ಮಾರ್ಚ್ ಕೊನೆ ಅಥವಾ ಏಪ್ರಿಲಿನಲ್ಲಿ ಬರುವ ಹೊಸ ವರ್ಷದ ಹಬ್ಬ. ಆಮೇಲೆ ತನುಶ್ರೀಗೆ ಫೋನ್ ಮಾಡಿ ಆ ಸಾಲನ್ನು ಓದಿ ಹೇಳಿದರು. ಅವಳು ಅದನ್ನೇ ಇನ್ನೊಮ್ಮೆ ಓದಿಸಿಕೊಂಡಳು.

"ಆಂಟಿ, ಇದು ಅವರದೇ ಡಾಕ್ಯುಮೆಂಟ್," ಅಂದಳು ಕೊನೆಗೆ. "ಅವರದೇ! ನಾಳೆ ಇದರ ಜೊತೆ ಹೊಸ ಅಫಿಡವಿಟ್ ಹಾಕ್ತೀನಿ. ಉಳಿದದ್ದು ಮುಗಿಸಿಬಿಡಿ, ಪ್ಲೀಸ್."

ಉಳಿದದ್ದು ಅರವತ್ತಕ್ಕೂ ಹೆಚ್ಚು ಪುಟ. ಗುರುವಾರ ಇಡೀ ದಿನ ಕೂತರು, ಶುಕ್ರವಾರ ಬೆಳಗಿನ ಜಾವ ಎದ್ದು ಮತ್ತೆ ಕೂತರು. ಬೆರಳುಗಳು ಚಳಿಗೆ ಸೆಟೆದು ಕೀಲಿಮಣೆಯ ಮೇಲೆ ಓಡದಾದಾಗ ಬಿಸಿನೀರಿನಲ್ಲಿ ಅದ್ದಿ ತೆಗೆದು ಟೈಪು ಮಾಡಿದರು. ಮಧ್ಯಾಹ್ನ ಒಂದೂಕಾಲಿಗೆ ಇನ್ನೂರ ಆರನೆಯ ಪುಟ ಮುಗಿಯಿತು. ಪ್ರಮಾಣಪತ್ರಕ್ಕೆ ಖುದ್ದಾಗಿ ಹೋಗಿ ಸಹಿ ಹಾಕಬೇಕು. ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು ಮುನಿರ್ಕಾದಲ್ಲಿ ಮೆಟ್ರೋ ಹತ್ತಿ, ಹೌಜ್ ಖಾಸಿನಲ್ಲಿ ಬದಲಾಯಿಸಿ, ರಾಜೀವ್ ಚೌಕದ ನೂಕುನುಗ್ಗಲಿನಲ್ಲಿ ಕಟ್ಟನ್ನು ಎದೆಗೆ ಅವಚಿಕೊಂಡು ಇನ್ನೊಮ್ಮೆ ಬದಲಾಯಿಸಿ, ಕೋರ್ಟಿನ ಹತ್ತಿರದ ತನುಶ್ರೀಯ ಆಫೀಸು ಮುಟ್ಟುವ ಹೊತ್ತಿಗೆ ಮೂರಾಗಿತ್ತು.

ಅಲ್ಲಿ ಇನ್ನೊಂದು ತೊಡಕು. ಪ್ರಮಾಣಪತ್ರದಲ್ಲಿ ಪುಟಗಳು ಇನ್ನೂರ ನಾಲ್ಕು ಎಂದು ಅಚ್ಚಾಗಿತ್ತು. ಎರಡು ಪುಟದ ವ್ಯತ್ಯಾಸಕ್ಕೆ ಅರ್ಜಿಯನ್ನೇ ದೋಷ ಎಂದು ವಾಪಸು ಕಳಿಸಬಹುದು. ಮತ್ತೆ ಟೈಪು, ಮತ್ತೆ ಸ್ಟಾಂಪು, ಮತ್ತೆ ಸಹಿ. ತನುಶ್ರೀ ಕಂಪ್ಯೂಟರಿನ ಮುಂದೆ ಉಗುರು ಕಚ್ಚುತ್ತ ನಿಂತಳು. ಎಲ್ಲ ಪುಟಗಳೂ ಏರಿ, 'ಸ್ವೀಕರಿಸಲಾಗಿದೆ' ಎಂದು ಪರದೆಯ ಮೇಲೆ ಬಂದಾಗ ಗಂಟೆ ನಾಲ್ಕು ನಲವತ್ತೆರಡು.

"ಆಂಟಿ, ಚಾಯ್ ಕುಡಿದು ಹೋಗಿ," ಎಂದು ಹೇಳಿದವಳೇ ತನುಶ್ರೀ ಇನ್ನೊಂದು ಕೇಸಿನ ಫೋನು ಹಿಡಿದು ಹೊರಗೆ ಹೋದಳು. ವೈಜಯಂತಿಯವರು ಒಬ್ಬರೇ ಚಹಾ ಕುಡಿದು ಲೋಟ ಮೇಜಿನ ಮೇಲಿಟ್ಟು ಎದ್ದರು. ಅಂದು ಏಳಕ್ಕೆ ಸೀತಮ್ಮನ ಫೋನ್ ಬಂದಾಗ ಅವರಿನ್ನೂ ಮೆಟ್ರೋದಲ್ಲೇ ಇದ್ದರು. ಅಕ್ಕಪಕ್ಕದವರು ತಿರುಗಿ ನೋಡುವ ಹಾಗೆ, "ಆಯ್ತಮ್ಮ, ಎಲ್ಲಾ ಹಾಳಿ ಆಯ್ತು!" ಎಂದು ಕೂಗಿದರು.

ಮಂಗಳವಾರ ಕೇಸು ಬಂತು. ತನುಶ್ರೀ ಯುಗಾದಿಯ ಸಾಲನ್ನು ಓದಿ ಹೇಳಿದಾಗ ನ್ಯಾಯಮೂರ್ತಿಗಳು ಸರ್ಕಾರದ ವಕೀಲರ ಕಡೆ ನೋಡಿ, ಮೂಲ ವಹಿಯನ್ನೇ ತನ್ನಿ, ಒಂದು ವಾರ ಸಮಯ ಎಂದರಂತೆ. ವಾರದ ಮೇಲೆ ವಹಿ ಬಂತು. ಮೂಲದಲ್ಲಿ ಅಂಕಿ ನೀಲಿ ಶಾಯಿಯಲ್ಲಿ ಸ್ಪಷ್ಟವಾಗಿತ್ತು, ಮೂರು. ಕಲೆ ಜೆರಾಕ್ಸ್ ಯಂತ್ರದ್ದು. ಮೂರು ತಿಂಗಳು ಮನವಿ ಎಲ್ಲಿತ್ತು ಎಂಬುದಕ್ಕೆ ಉತ್ತರವಿರಲಿಲ್ಲ. ರಜೆಗೆ ಎರಡು ದಿನ ಮುಂಚೆ ಬಂಧನದ ಆದೇಶ ರದ್ದಾಯಿತು.

ಬಿಡುಗಡೆಯ ಸಂಜೆ ಸೀತಮ್ಮನ ಫೋನ್ ಬಂತು. ಹಿಂದೆ ಬಸ್ಸಿನ ಹಾರ್ನ್, ಯಾರದೋ ಅಳು, ಯಾರದೋ ನಗು. "ಅಕ್ಕಾರ, ಮಾತಾಡ್ರಿ, ಮಾತಾಡ್ರಿ," ಎಂದು ಗಂಡನ ಕೈಗೆ ಕೊಟ್ಟಳು.

"ನಮಸ್ಕಾರ್ರಿ," ಎಂದಿತು ಒಂದು ಗಂಡು ದನಿ. ವೈಜಯಂತಿಯವರು ಓದುವಾಗ ಅವನಿಗೆ ಕೊಟ್ಟಿದ್ದ ದನಿಗಿಂತ ಬಹಳ ತೆಳುವಾದ ದನಿ. ಅವನಿಗೆ ಇವರು ಯಾರೆಂದು ಪೂರ್ತಿ ತಿಳಿದಂತಿರಲಿಲ್ಲ. ವಕೀಲರು ಎಂದುಕೊಂಡಿದ್ದನೋ ಏನೋ. "ನಿಮ್ಮ ಉಪಕಾರ ಆತ್ರಿ ಮೇಡಂ," ಅಂದ. ಇವರು, "ಕಣ್ಣು ಹೇಗಿದೆಯಪ್ಪ ಈಗ?" ಎಂದು ಕೇಳಿದರು. ಅಷ್ಟರಲ್ಲಿ ಸಂಪರ್ಕ ತಪ್ಪಿತು.

ಮರುದಿನ ಏಳಕ್ಕೆ ಫೋನ್ ಬರಲಿಲ್ಲ. ಬರುವ ಕಾರಣವೂ ಇರಲಿಲ್ಲ. ತೀರ್ಪಿನ ಪ್ರತಿಯನ್ನು ತನುಶ್ರೀ ಕಳಿಸಿದಳು. ಅದರ ಒಂಬತ್ತನೆಯ ಪ್ಯಾರಾದಲ್ಲಿ, 'ಅನುವಾದಿತ ಪ್ರತಿಯಿಂದ ಕಂಡುಬರುವಂತೆ' ಎಂಬ ಮಾತಿತ್ತು. ಆ ಪ್ಯಾರಾವನ್ನು ವೈಜಯಂತಿಯವರು ಮಗಳಿಗೆ ಓದಿ ಹೇಳಿದರು. "ವಾಹ್ ಅಮ್ಮಾ!" ಅಂದಳು ಅವಳು. ಅವಳಿಗೆ ಖುಷಿಯಾದದ್ದು ನಿಜವೇ.

ಜನವರಿ ಬಂತು. ಮಂಜು ಮಧ್ಯಾಹ್ನವಾದರೂ ಕರಗುತ್ತಿರಲಿಲ್ಲ. ಒಂದು ಸಂಜೆ, ಮನಸ್ಸು ತಡೆಯದೆ, ವೈಜಯಂತಿಯವರೇ ಸೀತಮ್ಮನಿಗೆ ಫೋನ್ ಮಾಡಿದರು. ಎರಡನೆಯ ರಿಂಗಿಗೇ ಎತ್ತಿದಳು.

"ಅಕ್ಕಾರ! ಯಾಕ್ರಿ? ಮತ್ತೇನಾರ ಆತೇನ್ರಿ ಕೋರ್ಟಿನ್ಯಾಗ?" ಅವಳ ಉಸಿರು ಏರಿತ್ತು. ಹಿಂದೆ ಕಬ್ಬಿಣ ಕೊರೆಯುವ ಸದ್ದು ಥಟ್ಟನೆ ನಿಂತಿತು.

"ಇಲ್ಲಮ್ಮ, ಇಲ್ಲ, ಏನೂ ಆಗಿಲ್ಲ. ಸುಮ್ಮನೆ ಮಾಡಿದೆ. ಹೇಗಿದೀರಿ ಅಂತ ಕೇಳೋಣ ಅಂತ."

"ಸುಮ್ನರಿ?" ಅವಳಿಗೆ ನಂಬಿಕೆ ಬರಲು ಸ್ವಲ್ಪ ಹೊತ್ತು ಬೇಕಾಯಿತು. "ಖರೇ ಏನೂ ಇಲ್ಲಲ್ರಿ? ಕಾಗದಾ ಗೀಗದಾ?"

"ಖರೇ ಏನೂ ಇಲ್ಲ."

"ಆರಾಮ ಅದೀವ್ರಿ," ಅಂದಳು. ಆಮೇಲೆ ದೂರ ತಿರುಗಿ ಗಂಡನಿಗೆ, "ಏನಿಲ್ಲಂತ, ಸುಮ್ನ ಮಾಡ್ಯಾರಂತ," ಎಂದದ್ದು ಕೇಳಿಸಿತು. ಕಬ್ಬಿಣದ ಸದ್ದು ಮತ್ತೆ ಶುರುವಾಗಲಿಲ್ಲ. ಅವನು ಇನ್ನೂ ನಿಂತು ಕೇಳುತ್ತಿದ್ದಿರಬೇಕು. ಒಂದೆರಡು ಮಾತಾಯಿತು. ಊಟ ಆಯ್ತಾ ಎಂದು ಸೀತಮ್ಮ ಕೇಳಲಿಲ್ಲ. ಹೆದರಿಕೆಯಲ್ಲಿ ಮರೆತಿದ್ದಳು.

ಫೋನ್ ಇಟ್ಟು ವೈಜಯಂತಿಯವರು ಮೇಜಿಗೆ ಬಂದು ಕೂತರು. ಆ ಮನೆಗೆ ತಮ್ಮ ದನಿ ಎಂದರೆ ಕೋರ್ಟು ಎಂದು ಅವರಿಗೆ ಅರ್ಥವಾಯಿತು. ಅದು ಆ ಮನೆಯವರ ತಪ್ಪೂ ಅಲ್ಲ, ತಮ್ಮ ತಪ್ಪೂ ಅಲ್ಲ. ಇನ್ನು ಮಾಡಬಾರದು ಎಂದುಕೊಂಡು ನಂಬರನ್ನು ಫೋನಿನಿಂದ ಅಳಿಸಿಬಿಟ್ಟರು. ಬೆಳಿಗ್ಗೆ ಬಂದಿದ್ದ ಹೊಸ ಕಟ್ಟಿನ ದಾರ ಬಿಚ್ಚಿದರು. ಯಾವುದೋ ಬಾವಿಯ ಹಕ್ಕಿನ ತಕರಾರು, ಗಡುವು ಇಪ್ಪತ್ತೊಂದನೆಯ ತಾರೀಖು. ಕನ್ನಡಕ ಒರೆಸಿ ಮೊದಲ ಪುಟ ತೆಗೆದು, ದೂರುದಾರನ ಹೆಸರಿನಿಂದ ಶುರುಮಾಡಿ, ಗಟ್ಟಿಯಾಗಿ ಓದತೊಡಗಿದರು.